ಬೂಷ್ಟಿನ ಗಡಿಗಿ, ಸೋಮವಾರದ ರಜಾ

ಬೂಷ್ಟು ಬೆಳೆಸೂದ ನೌಕರಿ ಅಂದಮ್ಯಾಲ ನಗೋ ಪ್ರಸಂಗಕ್ಕೇನೂ ಬರ ಇಲ್ಲ ಬಿಡ್ರಿ. ಗಂಗಾವತಿ ಸುತ್ತ ಕೊಯ್ಲಾದಮ್ಯಾಲ ಭತ್ತದ ಹುಲ್ಲಿಗೆ ಬೆಂಕಿ ಹಚ್ಚತಾರ. "ಹಚ್ಚಬ್ಯಾಡ್ರಿ, ಈ ಬೂಷ್ಟಿನ ನೀರು ಹೊಡೀರಿ, ಹುಲ್ಲು ಕೊಳತು ಗೊಬ್ಬರ ಆಗತೈತಿ" ಅಂತ ಹೇಳಿಕೋತ ತಿರಗೂದು ನನ್ನ ಕೆಲಸ. ಹೆಂಡತಿ ಕುಷ್ಟಗಿ ಕಡೆ ಸಾಲಿ ಟೀಚರು. ವರ್ಗ ಆಗವಲ್ದು. ಶನಿವಾರ ಬಂದು ಸೋಮವಾರ ನಸುಕಿನ್ಯಾಗ ಹೊಂಟಬಿಡ್ತಾಳ. ಭಾಳ ನೆನಪಾಗತಾಳ. ದಿನದ ಮಜಾ ಎಲ್ಲಾ ಸಂಜಿಗೆ ಫೋನಿನ್ಯಾಗ ಆಕಿಗೆ ಹೇಳಿದ್ರನ ನನಗ ಊಟ ಸೇರೂದು.

ಅರಿಶಿಣ

ಶ್ರೀರಾಮನಗರದ ರೈತರೊಬ್ಬರ ಮನ್ಯಾಗ ಬೆಲ್ಲ, ಕಡ್ಲಿಹಿಟ್ಟು ಕದಡಿದ ಡ್ರಮ್ಮಿಗೆ ಬೂಷ್ಟು ಬಿಟ್ಟು ಬಂದಿದ್ದೆ. ವಾರ ಬಿಟ್ಟು ಹೋದ್ರ ಒಂದು ಎಳಿ ಬೂಷ್ಟಿಲ್ಲ, ನೀರು ಹಳದಿ.

"ಏನ್ ಹಾಕೀರಿ?"

"ಹೊಸಾ ಸಾಮಾನು ಮನಿಗೆ ಬಂದ್ರ ಪೂಜಾ ಮಾಡದ ಹೆಂಗ್ ಬಿಡೂದ್ರಿ? ಬಟ್ಟಲ ತುಂಬ ಅರಿಶಿಣ ಹಾಕೀನಿ" ಅಂದ್ರು ಮನಿ ಅಮ್ಮಾರು.

"ಅರಿಶಿಣಕ್ಕ ಬೂಷ್ಟು ಸಾಯತೈತ್ರೀ!"

ಅಮ್ಮಾರು ಡ್ರಮ್ಮಿಗೆ ಗಲ್ಲ ಗಲ್ಲ ಬಡಕೊಂಡು, "ಹೊಸಾದು ತರ್ರಿ, ಅದಕ್ಕ ಬರೇ ಊದಿನಕಡ್ಡಿ ಹಚ್ಚತೀನಿ" ಅಂದ್ರು.

ಫೋನಿನ್ಯಾಗ ಹೆಂಡತಿ ಬಿದ್ದು ಬಿದ್ದು ನಕ್ಕಳು. ಫೋನ್ ಇಟ್ಟಮ್ಯಾಲ ಮನಿ ಮತ್ತ ಬಿಕೋ ಅಂತು.

ಸಕ್ಕರಿ

ಹಿಟ್ನಾಳದಾಗ ಸಭಾ. "ಬಿರುಸು ಹುಲ್ಲನ್ನ ಒಡದು, ಅದರಾಗಿನ ಸಕ್ಕರಿ ಬಿಡಸೂದ ಬೂಷ್ಟಿನ ಕೆಲಸ" ಅಂದೆ.

ಹಿರ್ಯಾರೊಬ್ರು ಎದ್ದು ನಿಂತು ಗಂಭೀರಾಗಿ ಕೇಳಿದ್ರು: "ಹಂಗಾರ ನಮ್ಮ ಎತ್ತು ಹುಟ್ಟಿದಾಗಿಂದ ಹುಲ್ಲ ತಿಂತಾವು. ಅವಕ್ಕೂ ಶುಗರ್ ಚೆಕ್ ಮಾಡಸಬೇಕೇನ್ರಿ?"

ಇದನ್ನ ಮಾತ್ರ ಫೋನಿನ್ಯಾಗ ಹೇಳಲಿಲ್ಲ. ಆಕಿ ನಗೂದನ್ನ ಎದುರಿಗೆ ಕುಂತು ನೋಡಬೇಕು ಅಂತ ಶನಿವಾರತನಕ ತಡದೆ.

ಗಡಿಗಿ

ರೈತರಿಗೆ ಹಂಚೂದಕ್ಕ ಅಂತ ಮನ್ಯಾಗ ಎರಡು ಗಡಿಗಿ ಬೂಷ್ಟು ಸಾಕಿದ್ದೆ. ರವಿವಾರ ಹೊಲದಿಂದ ಬಂದ್ರ ಹೆಂಡತಿ ಎರಡೂ ಗಡಿಗಿ ತಿಕ್ಕಿ ತೊಳದು ಬಿಸಿಲಿಗೆ ಬೋರಲ ಹಾಕ್ಯಾಳ!

ಒಳಗ ಆಕಿ ಹೆಡ್ ಮಾಸ್ತರಿಗೆ ಫೋನ್ ಹಚ್ಚಿದ್ಲು: "ಸರ್, ನಾ ಇಲ್ಲದ ಮನಿ ತುಂಬ ಬೂಷ್ಟು ಹತ್ತೈತ್ರಿ. ತೊಳಿಯೂದು ಭಾಳ ಐತಿ. ನಾಳಿ ಒಂದಿನ ರಜಾ ಕೊಡ್ರಿ."

ಆಕಿ ಫೋನ್ ಇಟ್ಟ ಕೂಡ್ಲೇ, "ಅಯ್ಯೋ, ನನ್ನ ಬೂಷ್ಟು!" ಅಂತ ಒದರಿದೆ.

"ಒದರಬ್ಯಾಡ್ರಿ, ಬ್ಯಾರೆ ಗಡಿಗ್ಯಾಗ ತಗದಿಟ್ಟೀನಿ. ಸರ್ ಏನರ ಕೇಳಿದ್ರ ಇರಲಿ ಅಂತ ಬೂಷ್ಟಿನ ಫೋಟೊನೂ ಹೊಡಕೊಂಡೀನಿ" ಅಂದ್ಲು. ಆಮ್ಯಾಲ ಸೆರಗಿಲೆ ಕೈ ಒರಸಿಕೋತ, ಸಣ್ಣ ದನೀಲೆ: "ಮುಂದಿನ ವಾರ ಅಡಿಗಿಮನಿ ತುಂಬ ಬೆಳಸ್ರಿ. ಮಂಗಳವಾರಾನೂ ಇರತೀನಿ."