ಅಳಿಯನ ಕೈಗೆ ಬಂದ ಎಮ್ಮೆ

ನನಗಾಗ ಅರವತ್ತೇಳು ವರ್ಷ. ಏಳು ವರ್ಷದ ಹಿಂದಿನ ಮಾತು. ನನ್ನ ಅಳಿಯನನ್ನು ದೇವರು ಏತಕ್ಕೆ ಹುಟ್ಟಿಸಿದ ಎಂಬ ಪ್ರಶ್ನೆ ನನಗೆ ಮದುವೆಯ ದಿನವೇ ಹುಟ್ಟಿತ್ತು. ಆತನಿಗೆ ಅದು ಹೊಳೆದದ್ದು ನಲವತ್ತೆಂಟನೆಯ ವಯಸ್ಸಿಗೆ!

ಕಲಬುರಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಆತ ಅರಿವೆ ಅಳೆದು ಹರಿದು ಕೊಡುತ್ತಿದ್ದ. ಖೂಬಾ ಪ್ಲಾಟಿನಲ್ಲಿ ಬಾಡಿಗೆ ಮನೆ. ನನ್ನ ಮಗಳು ದವಾಖಾನೆಯಲ್ಲಿ ನರ್ಸು. ಮಕ್ಕಳಿಲ್ಲ. ಒಂದು ಭಾನುವಾರ ಚರ್ಚಿನಲ್ಲಿ ಪಾಸ್ಟರು ಪ್ರಸಂಗ ಮಾಡುತ್ತ, "ನಿನ್ನಿಂದ ಯಾರಿಗೆ ಏನು ಉಪಯೋಗವಾಗಿದೆ?" ಎಂದು ಕೇಳಿಬಿಟ್ಟರು. ಸಭೆಯಲ್ಲಿದ್ದವರೆಲ್ಲ ಅದು ಪಕ್ಕದವನಿಗೆ ಹೇಳಿದ್ದು ಎಂದುಕೊಂಡು ಮನೆಗೆ ಹೋಗಿ ಕೋಳಿ ಸಾರು ಉಂಡರು. ನನ್ನ ಅಳಿಯ ಮಾತ್ರ ತನಗೇ ಹೇಳಿದ್ದು ಎಂದುಕೊಂಡ. ಸೋಮವಾರ ಅಂಗಡಿ ಬಿಟ್ಟ.

"ದೇವರು ನನಗ ಏನೋ ಒಂದು ಕೆಲಸ ಇಟ್ಟಾನ. ಹುಡುಕಬೇಕು" ಎಂದ.

"ಅಂಗಡ್ಯಾಗ ಇಟ್ಟಿದ್ದ. ಅದನ್ನ ಬಿಟ್ಟ ಬಂದೀರಿ" ಎಂದಳು ಮಗಳು.

ಮೊದಲು ಸಮಾಧಾನ ಮಾಡಿಸುವ ಕೆಲಸ ಹಿಡಿದ. ಶರಣಸಿರಸಗಿಯಲ್ಲಿ ಅಣ್ಣತಮ್ಮಂದಿರಿಬ್ಬರು ನಡುಗೋಡೆಗಾಗಿ ಬಡಿದಾಡುತ್ತಿದ್ದಾರೆಂದು ಯಾರೋ ಹೇಳಿದರು. ಕರೆಯದೆ ಹೋದ. ಇಬ್ಬರ ನಡುವೆ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆಗೆ ಶುರು ಮಾಡಿದ. ಆ ಅಣ್ಣತಮ್ಮಂದಿರು ಎಷ್ಟೋ ವರ್ಷದ ಮೇಲೆ ಒಂದಾದರು. ಒಬ್ಬ ರಟ್ಟೆ ಹಿಡಿದ, ಇನ್ನೊಬ್ಬ ಕಾಲು ಹಿಡಿದ. ಇಬ್ಬರೂ ಕೂಡಿ ಆತನನ್ನು ಗಟಾರಕ್ಕೆ ಹಾಕಿದರು! ಜಗಳವಂತೂ ನಿಂತಿತಲ್ಲ?

ಆಮೇಲೆ ರೋಗಿಗಳ ಸೇವೆ. ಮಗಳ ದವಾಖಾನೆಗೇ ಹೋಗಿ ಮಂಚದಿಂದ ಮಂಚಕ್ಕೆ ಪ್ರಾರ್ಥನೆ ಮಾಡತೊಡಗಿದ. ಚಿಕ್ಕ ಪ್ರಾರ್ಥನೆ ಆತನಿಗೆ ಬಾರದು. ರೋಗಿಯಿಂದ ಹಿಡಿದು ರೋಗಿಯ ಬೀಗರವರೆಗೆ ಎಲ್ಲರನ್ನೂ ಆಶೀರ್ವದಿಸಬೇಕು. ಮೋಮಿನಪುರದ ಒಬ್ಬ ಮುದುಕ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದವ, ನನ್ನ ಮಗಳಿಗೆ ಕೈ ಮುಗಿದನಂತೆ.

"ಬೇಟಿ, ನಿನ್ನ ಗಂಡ ದಿಲ್‌ದಾರ್ ಮನಶಾ ಅದಾನ. ಖರೆ ಆಂವ ಬರೂದ್ರೊಳಗ ನನ್ನ ಮನಿಗಿ ಕಳಸಿಬಿಡು."

ದೊಡ್ಡ ಡಾಕ್ಟರು ಮಗಳನ್ನು ಕರೆದು ಬೈದರು. ಅವತ್ತು ಸಂಜೆಯೇ ಆಕೆ ಟ್ರಂಕು ಹಿಡಿದು ಕಮಲಾಪುರಕ್ಕೆ, ನನ್ನ ಮನೆಗೆ ಬಂದಳು. "ಯವ್ವಾ, ಇನ್ನ ನನ್ನಿಂದ ಆಗಂಗಿಲ್ಲ. ಕಲಬುರಗ್ಯಾಗ ಒಂದು ಖೋಲಿ ಸಿಗೂತನಕ ಇಲ್ಲೇ ಇರತೀನಿ. ಆಮ್ಯಾಲ ಆಂವ ಬ್ಯಾರೆ, ನಾ ಬ್ಯಾರೆ." ಇಲ್ಲಿಂದಲೇ ದಿನಾ ಬಸ್ಸು ಹತ್ತಿ ದವಾಖಾನೆಗೆ ಹೋಗತೊಡಗಿದಳು.

ಆಕೆಯನ್ನು ಕರೆದೊಯ್ಯಲು ಅಳಿಯ ಬಂದ ದಿನ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಆ ಹಬ್ಬಕ್ಕೆ ನಾವೆಲ್ಲ ಬೆಳೆದದ್ದರಲ್ಲಿ ಮೊದಲಿನದನ್ನು ದೇವರಿಗೆ ಒಪ್ಪಿಸುತ್ತೇವೆ. ಜೋಳ, ತೊಗರಿ, ಕೆಂಪು ಬಾಳೆಗೊನೆ, ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲ ಲಿಲಾವಿಗೆ, ಹರಾಜಿಗೆ. ಕೈ ಎತ್ತಿದರೆ ಬೆಲೆ ಕೇಳಿದಂತೆ. ಆ ವರ್ಷ ನಮ್ಮ ಸಭೆಯ ಭಕ್ತನೊಬ್ಬ ಎಮ್ಮೆಯನ್ನೇ ಕೊಟ್ಟಿದ್ದ! ಏನು ಭಕ್ತಿ, ಎನ್ನಬೇಡಿ. ಅದು ಒದೆಯುವ ಎಮ್ಮೆ. ಮನೆಯಲ್ಲಿ ಯಾರಿಗೂ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ. ಸಂತೆಯಲ್ಲಿ ಮಾರಿಹೋಗಲಿಲ್ಲ. ದೇವರಿಗೆ ಅರ್ಪಿಸಿಬಿಟ್ಟ.

ಲಿಲಾವು ಕೂಗುವಾಗ ಒಂದು ಕಡೆ ಭಜನೆಯೂ ನಡೆದಿತ್ತು. ನನ್ನ ಅಳಿಯನಿಗೆ ಭಜನೆ ಕೇಳಿದರೆ ಕಣ್ಣು ಮುಚ್ಚುತ್ತದೆ, ಕೈ ಮೇಲೇಳುತ್ತದೆ. ಎದ್ದಿತು! ಕೂಗುವ ಹಿರಿಯರು ಬೆಲೆ ಏರಿಸಿದರು. ಭಜನೆ ಏರಿತು, ಆತ ಎರಡನೆಯ ಕೈಯನ್ನೂ ಎತ್ತಿದ. ಮತ್ತೆ ಏರಿಸಿದರು. ಬೇರೆ ಯಾರೂ ಕೇಳಿರಲಿಲ್ಲ ನೋಡ್ರಿ. ತನ್ನ ಸವಾಲಿನ ಮೇಲೆ ತಾನೇ ಸವಾಲು! ನಾನು ಹೆಂಗಸರ ಸಾಲಿನಿಂದ, "ಕೈ ಇಳಿಸೋ ಮಾರಾಯಾ!" ಎಂದು ಒದರಿದೆ. ತಬಲಾದ ಗದ್ದಲದಲ್ಲಿ ಯಾರಿಗೆ ಕೇಳಬೇಕು?

"ಎಮ್ಮಿ ನಮ್ಮ ಊರ ಅಳಿಯಂದ್ರಿಗಿ!" ಎಂದರು ಹಿರಿಯರು. ಕಣ್ಣು ತೆರೆದರೆ ಕೈಯಲ್ಲಿ ಎಮ್ಮೆಯ ದಾವಣಿ ಹಗ್ಗ. ಆತ ದಾವಣಿ ನೋಡಿದ, ಎಮ್ಮೆ ನೋಡಿದ, ಆಕಾಶ ನೋಡಿದ. "ಆಮೆನ್" ಎಂದ.

ರೊಕ್ಕ ಎಲ್ಲಿಂದ ಬಂತೆಂದು ನನ್ನನ್ನು ಕೇಳಬೇಡಿ. ನನ್ನ ಬೋಳು ಕಿವಿಯನ್ನು ಕೇಳಿ.

ಖೂಬಾ ಪ್ಲಾಟಿನ ಬಾಡಿಗೆ ಮನೆಗೆ ಎಮ್ಮೆ ಹೋಗುವುದುಂಟೆ? ಎಮ್ಮೆ ನನ್ನ ಹಿತ್ತಲಲ್ಲಿ ಉಳಿಯಿತು. ಎಮ್ಮೆಯ ಜೊತೆ ಅಳಿಯನೂ ಉಳಿದ. ಮಗಳು ಒಳಗೆ, ಆತ ಹೊರಗೆ. ಮಾತಿಲ್ಲ. ಅರಿವೆ ಅಳೆಯುವ ಗಜ ಹಿಡಿದ ಕೈಗೆ ಹಾಲು ಹಿಂಡಲು ಬರುತ್ತದೆಯೆ? ಮೊದಲ ದಿನ ಒದೆಸಿಕೊಂಡು ಸಗಣಿಯಲ್ಲಿ ಬಿದ್ದ. ಎರಡನೆಯ ದಿನವೂ ಅದೇ ಜಾಗದಲ್ಲಿ ಬಿದ್ದ.

"ಇದೂ ದೇವರ ಕೆಲಸೇನೋ?" ಎಂದೆ.

"ಗೊತ್ತಿಲ್ಲ ಅತ್ತಿ. ತೊಳಕೊಂಡ ಬಂದು ಹೇಳತೀನಿ."

ಆದರೆ ಬಿಡಲಿಲ್ಲ. ಮೈ ತಿಕ್ಕಿದ, ಉಣ್ಣಿ ಆರಿಸಿದ, ಹತ್ತಿಕಾಳು ನೆನೆಸಿ ತಿನ್ನಿಸಿದ. ಬರಬರುತ್ತ ಅದು ಒದೆಯುವುದನ್ನು ಬಿಟ್ಟಿತು. ದಿನಾ ಮುಂಜಾನೆ ಚಹಾದಂಗಡಿಗಳಿಗೆ ಹಾಲು ಹಾಕಿ ಬರತೊಡಗಿದ. ಮಗಳು ಮಾತ್ರ ಆ ಹಾಲಿನ ಚಹಾ ಮುಟ್ಟಲಿಲ್ಲ. ಅಷ್ಟರಲ್ಲಿ ಆಕೆಗೆ ದವಾಖಾನೆಯ ಹತ್ತಿರ ಖೋಲಿ ಸಿಕ್ಕಿತು. ಒಬ್ಬಳಿಗೆ ಸಾಕಾಗುವಷ್ಟು. ಟ್ರಂಕು ಕಟ್ಟಿದಳು.

ಆ ಸಂಜೆ ಹಿತ್ತಲಿಗೆ ಜೋಳದ ಕಣಿಕೆ ಒಯ್ದವಳು ಅಳಿಯನಿಗೆ ಬೈದೆ. "ನಾಳಿ ಮುಂಜಾನಿ ಬಸ್ಸಿಗಿ ಆಕಿ ಹೊಂಟಾಳ. ಮತ್ತ ಬರಂಗಿಲ್ಲ. ಬಾಯಾಗ ನಾಲಗಿ ಅದನೋ ಇಲ್ಲೋ? ಏನರ ಅನ್ನು!"

"ಏನ್ ಅನ್ನಲಿ ಅತ್ತಿ? ಆಕಿದೇನೂ ತಪ್ಪಿಲ್ಲ." ಎಮ್ಮೆಯ ಬೆನ್ನು ತಿಕ್ಕುತ್ತಲೇ ಇದ್ದ.

"ಈ ಎಮ್ಮಿಯೊಳಗ ಏನ್ ಸಿಕ್ತೋ ನಿನಗ? ದೇವರು ಸಿಕ್ಕನೇನು?"

"ದೇವರ ಮಾತ ಬಿಡ್ರಿ. ನಾ ಓಣಿ ತಿರುವಿಗಿ ಬಂದ್ರ ಸಾಕು, ಇದು ಕಿವಿ ನೆಟ್ಟಗ ಮಾಡಿ ನೋಡತದ. ಒದರತದ. ಇಷ್ಟ ವರ್ಷ ಆಕಿ ಡ್ಯೂಟಿಯಿಂದ ಬರೂದ್ರಾಗ ನಾ ಮಲಗಿರತಿದ್ದೆ, ನಾ ಅಂಗಡಿಯಿಂದ ಬರೂದ್ರಾಗ ಆಕಿ ಹೋಗಿರತಿದ್ಳು. ಕೀಲಿ ತಗದು ಒಳಗ ಹೋಗೂದೇ ಆಯ್ತು ಅತ್ತಿ. ನನ್ನ ಹಾದಿ ಯಾರೂ ನೋಡಿದ್ದಿಲ್ಲ."

ಬೈಗುಳ ಇನ್ನೂ ಬಹಳ ಉಳಿದಿತ್ತು. ಕಣಿಕೆ ಅಲ್ಲೇ ಒಗೆದು ಒಳಗೆ ಬಂದೆ.

ಮರುದಿನ ಮುಂಜಾನೆ ಆತ ಹಾಲು ಹಾಕಲು ಹೋಗಿದ್ದ. ಮಗಳು ಟ್ರಂಕು ಎತ್ತಿಕೊಂಡು ಹೊರಟಳು. ಆಕೆಯ ರಟ್ಟೆ ಹಿಡಿದು ತಲೆಬಾಗಿಲಲ್ಲಿ ನಿಲ್ಲಿಸಿದೆ.

"ಏನ್ ಮಾಡಾಕತ್ತೀ ಯವ್ವಾ? ಬಸ್ ಬರೂ ಹೊತ್ತಾತು."

"ಬರಲಿ. ಇಲ್ಲಿ ನಿಂದ್ರು."

"ಯಾಕ?"

"ನಿನ್ನ ಗಂಡ ಬರತಾನ. ಓಣಿ ತಿರುವಿನ ಕಡಿ ನೋಡು."

ಟ್ರಂಕನ್ನು ಒಳಗೆ ಎಳೆದು, ಅದರ ಮೇಲೆ ನಾನು ಕುಳಿತೆ.