ಎರಡನೇ ಡಬ್ಬಿಯ ಪ್ರಯಾಣ

ವಿಶ್ವವಿದ್ಯಾಲಯದ ಸಂಶೋಧನೆಗೆ ನೆರವಾಗುವುದು ಕಷ್ಟವೇನಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಏಳು ದಿನ ಮೈಮೇಲೆ ಇಟ್ಟುಕೊಂಡು, ದಿನಾ ಏನು ಮಾಡುತ್ತೇವೋ ಅದನ್ನೇ ಮಾಡಬೇಕು. ಹೊಲಿಯುವವನು ಹೊಲಿಯಬೇಕು, ಸಂತೆಗೆ ಹೋಗುವವನು ಸಂತೆಗೆ ಹೋಗಬೇಕು. ಇಷ್ಟು ಸುಲಭದ ಕೆಲಸವನ್ನು ಕೆಡಿಸಲು ವಿಶೇಷ ಪ್ರತಿಭೆ ಬೇಕು. ಆ ಪ್ರತಿಭೆ ನನ್ನಲ್ಲಿದೆ ಎಂದು ಐವತ್ತಾರನೇ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ!

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯದು. ರಸ್ತೆ ಬದಿಗೆ ನನ್ನ ಟೈಲರ್ ಅಂಗಡಿ, ಅದರ ಬೆನ್ನಿಗೇ ಮನೆ. ಒಂದು ಬೆಳಗ್ಗೆ ಸಹನಾ ಎಂಬ ಹುಡುಗಿ ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿಗೆ ಬಂದಳು. ಹಿರಿಯೂರಿನವಳು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸಂಶೋಧನೆಯ ಹೆಸರು ಸುಸ್ಥಿರ ಸಾರಿಗೆ ಮತ್ತು ಮೂಲಸೌಕರ್ಯ. ನಾನು ಎಲ್ಲಾ ತಿಳಿದವನಂತೆ ತಲೆಯಾಡಿಸಿದೆ. ತಿಳಿದಿಲ್ಲವೆಂದು ಅವಳಿಗೆ ತಿಳಿಯಿತು.

"ಜನ ಎಲ್ಲಿಗೆ ಹೋಗ್ತಾರೆ, ಹೆಂಗೆ ಹೋಗ್ತಾರೆ ಅಂತ ನೋಡ್ತೀವಿ ಅಂಕಲ್. ಅದ್ರ ಮೇಲೆ ಎಲ್ಲಿ ಬಸ್ ಬೇಕು, ಎಲ್ಲಿ ನೆರಳು ಬೇಕು ಅಂತ ಬರ್ದು ಕೊಡ್ತೀವಿ" ಎಂದಳು.

ನೆರಳು ಎಂಬ ಮಾತಿಗೆ ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ನಮ್ಮ ಬಸ್ ಸ್ಟಾಪ್ ಎಂದರೆ ಒಂದು ಮೈಲಿಗಲ್ಲು, ಅಷ್ಟೇ. ಮರವಿಲ್ಲ, ಸೂರಿಲ್ಲ. ನನ್ನ ಹೆಂಡತಿ ನಿಂಗಮ್ಮ ಅಲ್ಲಿ ಸೆರಗು ಹೊದ್ದು ವರ್ಷಗಟ್ಟಲೆ ನಿಂತವಳು. ಅಂಗಡಿಗೆ ಬೇಕಾದ ದಾರ, ಗುಂಡಿ, ಲೈನಿಂಗ್ ಬಟ್ಟೆಯನ್ನೆಲ್ಲ ಹೊಳಲ್ಕೆರೆಯಿಂದ ತರುವುದು ಅವಳ ಕೆಲಸವಾಗಿತ್ತು. ನಾನು ಯಂತ್ರ ಬಿಟ್ಟು ಏಳುತ್ತಿರಲಿಲ್ಲ. "ನಿಮ್ಮ ಅಂಗಡಿ ತಗಡನ್ನಾದ್ರೂ ಕಿತ್ತು ಅಲ್ಲಿ ನೆಡ್ರಿ, ತಲೆ ಸುಡ್ತೈತೆ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಸಹನಾ ಮನೆಮನೆಯವರ ಹೆಸರಿದ್ದ ಹಳೆಯ ಪಟ್ಟಿಯೊಂದನ್ನು ತೆಗೆದು ಓದಿದಳು. "ಪರಮೇಶಪ್ಪ, ನಿಂಗಮ್ಮ. ಆಂಟಿ ಎಲ್ಲಿ ಹೋಗಿದಾರೆ ಅಂಕಲ್?"

ನಿಂಗಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ, ಆದ್ದರಿಂದ ಅವಳೆಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಹಾಗೆ ಕೇಳಿದವಳು ಇವಳೊಬ್ಬಳೇ. ನನ್ನ ನಾಲಿಗೆ ನನ್ನ ಅಪ್ಪಣೆಗೆ ಕಾಯದೆ, "ಹೊರಗೆ ಹೋಗಿದಾಳೆ" ಎಂದುಬಿಟ್ಟಿತು.

ಹೋದ ಜಾಗವನ್ನೆಲ್ಲ ದಾಖಲಿಸುವ ಎರಡು ಡಬ್ಬಿಯನ್ನು ಅವಳು ಮೇಜಿನ ಮೇಲಿಟ್ಟಳು. ಊರಿಗೊಂದು ಮನೆಯಂತೆ, ಗಂಡನಿಗೊಂದು ಹೆಂಡತಿಗೊಂದು ಡಬ್ಬಿಯಂತೆ. ಹೆಣ್ಣುಮಕ್ಕಳ ಓಡಾಟದ ಲೆಕ್ಕ ಮುಖ್ಯವಂತೆ, ಅದು ಕಡಿಮೆಯಾದ ಊರು ಸಂಶೋಧನೆಯ ಪಟ್ಟಿಯಿಂದ ಬಿದ್ದುಹೋಗುತ್ತದಂತೆ. ಪಟ್ಟಿಯಲ್ಲಿ ಉಳಿದರೆ ಸ್ಟಾಪಿಗೊಂದು ತಂಗುದಾಣಕ್ಕೆ ಶಿಫಾರಸು ಸಿಗುತ್ತದಂತೆ. ನಾನು ಎರಡಕ್ಕೂ ಸಹಿ ಹಾಕಿದೆ. ಒಳ್ಳೆಯ ಕೆಲಸಕ್ಕೆ ಹೇಳಿದ ಸುಳ್ಳು ಎಂದು ಸಮಾಧಾನ ಮಾಡಿಕೊಂಡೆ. ಸಂಜೆ ನಿಂಗಮ್ಮನ ರವಿಕೆಗೆ ತಂದು ಮಿಕ್ಕಿದ್ದ ಹಳದಿ ಹೂವಿನ ಬಟ್ಟೆಯಲ್ಲಿ ಅವಳ ಡಬ್ಬಿಗೆ ಒಂದು ಚೀಲ ಹೊಲಿದೆ. ದಾರ ಮಾತ್ರ ಹಸಿರು. ನಿಂಗಮ್ಮ ಹೋದ ಮೇಲೆ ನನ್ನ ಅಂಗಡಿಯಲ್ಲಿ ದಾರಕ್ಕೂ ಬಟ್ಟೆಗೂ ಬಣ್ಣ ಹೊಂದಿದ್ದೇ ಅಪರೂಪ.

ನನ್ನ ಡಬ್ಬಿ ಬಲ ಜೇಬಿಗೆ, ಅವಳದು ಎಡ ಜೇಬಿಗೆ. ಎರಡು ದಿನ ಹೀಗೆ ಗೌರವಯುತವಾಗಿ ಸಂಶೋಧನೆಗೆ ಸಹಕರಿಸಿದೆ. ಮೂರನೇ ದಿನ ಸಹನಾಳ ಫೋನ್ ಬಂತು.

"ಅಂಕಲ್, ನೀವಿಬ್ರೂ ಒಂದು ಗಳಿಗೇನೂ ಬಿಟ್ಟಿರಲ್ವಲ್ಲ. ಇಡೀ ತಾಲ್ಲೂಕಲ್ಲಿ ಇಂಥ ಜೋಡಿ ನಮಗೆ ಸಿಕ್ಕಿಲ್ಲ. ಹಿತ್ತಲಿಗೂ ಜೊತೇಲೇ ಹೋಗ್ತೀರ."

ಮೂವತ್ತು ವರ್ಷದ ಸಂಸಾರದಲ್ಲಿ ನಾವು ಜೊತೆಯಾಗಿ ನಡೆದಿದ್ದೇ ಇಲ್ಲ. ಮದುವೆ ಮನೆಗಾಗಲಿ, ಹಾಲುರಾಮೇಶ್ವರದ ದೇವಸ್ಥಾನಕ್ಕಾಗಲಿ, ನಾನು ಹತ್ತು ಹೆಜ್ಜೆ ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಅದು ನಮ್ಮ ಕಡೆಯ ಮರ್ಯಾದೆ. ಈಗ ನೋಡಿದರೆ ತಾಲ್ಲೂಕಿಗೇ ಆದರ್ಶ ದಂಪತಿ!

ಡಬ್ಬಿ ಆಂಟಿಯ ಹತ್ತಿರವೇ ಇರಬೇಕು, ಅಂಕಲ್ ಹೊರಬಾರದು ಎಂದು ಸಹನಾ ಮೆತ್ತಗೆ ಎಚ್ಚರಿಸಿದಳು. ಹಾಗಾದರೆ ಡಬ್ಬಿ ನನ್ನಿಂದ ದೂರ ಓಡಾಡಬೇಕು. ನಮ್ಮ ಬೀದಿಯಲ್ಲಿ ದಿನವಿಡೀ ಓಡಾಡುವ ಮನುಷ್ಯ ಒಬ್ಬನೇ, ಪಕ್ಕದ ಮನೆಯ ಕುರಿ ಕಾಯುವ ಕರಿಯಪ್ಪ. ಸುಳ್ಳಿನ ಕಥೆಯನ್ನೆಲ್ಲ ಅವನಿಗೆ ಹೇಳಿದೆ. ಅವನು ನಗಲಿಲ್ಲ. "ಕೊಡೋ ಇತ್ತ, ನಿಂಗವ್ವ ನಂಗೆಷ್ಟು ಸಲ ಅಂಗಿ ಗುಂಡಿ ಹಾಕ್ಕೊಟ್ಟಾಳೆ" ಎಂದು ಚೀಲ ಇಸಿದುಕೊಂಡ.

ಕುರಿಗಳಿಗೆ ಮುಂದೆ ನಡೆಯುವ ಬುದ್ಧಿ ಇಲ್ಲ. ಆದ್ದರಿಂದ ಮಂದೆಯ ಮುಂದೆ ಒಂದು ಹೋತವನ್ನು ಬಿಟ್ಟಿರುತ್ತಾರೆ. ಗಡ್ಡದ ಗಂಡುಮೇಕೆ ಮುಂದೆ ಹೋದರೆ ಕುರಿಗಳೆಲ್ಲ ಅದರ ಹಿಂದೆ. ಮಂದೆಯಲ್ಲಿ ಕಳೆದುಹೋಗದ ಪ್ರಾಣಿ ಅದೊಂದೇ. ಕರಿಯಪ್ಪ ಸ್ವತಃ ಎರಡು ಮೊಬೈಲ್ ಕಳೆದುಕೊಂಡವನು. ಕಳೆಯಬಾರದ ವಸ್ತು ಎಲ್ಲಿರಬೇಕು? ಹೋತದ ಕೊರಳಿಗೆ ಕಟ್ಟಿದ. ಇದನ್ನು ಅವನು ನನಗೆ ಹೇಳಲಿಲ್ಲ. ಅವನ ಪ್ರಕಾರ ಅದು ಹೇಳುವಂಥ ವಿಷಯವೇ ಅಲ್ಲ.

ಮೂರು ದಿನ ನೆಮ್ಮದಿಯಾಗಿದ್ದೆ. ಆಮೇಲೆ ಸಹನಾ ಮತ್ತೆ ಫೋನ್ ಮಾಡಿದಳು. ಆಂಟಿ ದಿನಾ ಹದಿನಾರು ಕಿಲೋಮೀಟರ್ ನಡೆಯುತ್ತಾರೆ, ಗುಡ್ಡ ಹತ್ತುತ್ತಾರೆ, ದಾರಿಯಿಲ್ಲದ ಕಡೆ ಮುಳ್ಳುಬೇಲಿ ದಾಟುತ್ತಾರೆ, ಮಧ್ಯಾಹ್ನ ಒಂದು ಗಂಟೆ ಹೊತ್ತು ಬಂಡೆಯ ತುದಿಯಲ್ಲಿ ನಿಲ್ಲುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳ ಕಷ್ಟ ಇಷ್ಟಿದೆಯೆಂದು ಗೊತ್ತೇ ಇರಲಿಲ್ಲ ಎಂದು ಅವರ ಪ್ರೊಫೆಸರು ಊಟ ಬಿಟ್ಟು ನಕ್ಷೆ ನೋಡಿದರಂತೆ. ನಾಳೆ ಸಂಜೆ ಅವರೇ ಆಂಟಿಯನ್ನು ನೋಡಲು ಬರುತ್ತಾರಂತೆ.

"ಇನ್ನೊಂದು ವಿಷ್ಯ ಅಂಕಲ್. ನಿಮ್ಮೂರಿನ ಬಸ್ ಸ್ಟಾಪ್ ಬಳಕೇಲಿಲ್ಲ ಅಂತ ಸರ್ ಅಂತಾರೆ. ತಂಗುದಾಣ ಗುಡ್ಡದ ಬುಡಕ್ಕೆ ಹಾಕಾಣ ಅಂತ ಬರೀತಿದಾರೆ."

ಗುಡ್ಡದ ಬುಡಕ್ಕೆ! ಅಲ್ಲಿಗೆ ಹೋಗುವುದು ಕುರಿಗಳು ಮಾತ್ರ. ನಾನು ಒಂದು ನೆರಳಿಗಾಗಿ ಸುಳ್ಳು ಹೇಳಿದ್ದೆ, ಆ ಸುಳ್ಳು ನೆರಳನ್ನೇ ಹೊತ್ತುಕೊಂಡು ಗುಡ್ಡಕ್ಕೆ ಹೊರಟಿತ್ತು.

ಮರುದಿನ ಸಂಜೆ ಸಹನಾಳ ಜೊತೆ ಪ್ರೊಫೆಸರ್ ಬಂದರು. ತೆಳ್ಳಗೆ, ಕನ್ನಡಕ, ಬಹಳ ಮೃದು ಮಾತು. "ಬರ್ರಿ ಸಾರ್, ಕುಂತ್ಕಳ್ರಿ" ಎಂದೆ. ವಿಷಯ ತಿಳಿದು ಕರಿಯಪ್ಪನ ಹೆಂಡತಿ ಹಾಲಮ್ಮ ಬೀದಿಯ ಆರೇಳು ಹೆಂಗಸರನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದರೆ ನನ್ನನ್ನು ನನ್ನ ಟೇಪಿನಲ್ಲೇ ಅಳತೆ ಮಾಡುತ್ತಿದ್ದಂತಿತ್ತು.

"ನಿಮ್ಮ ಶ್ರೀಮತಿಯವರು?" ಎಂದು ಪ್ರೊಫೆಸರ್ ಕೇಳಿದರು.

ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಹೊರಗೆ ಹೋಗಿದಾಳೆ ಸಾರ್" ಎಂದೆ.

"ಗೊತ್ತು, ಗೊತ್ತು. ಈಗ ವಾಪಸ್ ಬರುತ್ತಿದ್ದಾರೆ" ಎಂದು ಅವರು ಮೊಬೈಲ್ ತೋರಿಸಿದರು. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ ಊರಿನ ಕಡೆ ತೆವಳುತ್ತಿತ್ತು. ಚುಕ್ಕೆಯ ಕೆಳಗೆ ನಿಂಗಮ್ಮ ಎಂದು ಬರೆದಿತ್ತು. ಚುಕ್ಕೆ ಕೆರೆಯ ಏರಿಯಿಂದ ಇಳಿಯಿತು. ನಮ್ಮ ಬೀದಿಗೆ ತಿರುಗಿತು. ನಿಜ ಹೇಳುತ್ತೇನೆ, ಆ ಒಂದು ನಿಮಿಷ ನಾನೂ ಬಾಗಿಲ ಕಡೆ ನೋಡಿದೆ.

ಪ್ರೊಫೆಸರ್ ಎದ್ದು ನಿಂತರು. ಅಂಗಿ ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದರು.

ಹೆಂಗಸರು ಸರಿದು ದಾರಿ ಬಿಟ್ಟರು. ಹಳದಿ ಹೂವಿನ ಚೀಲ ಕಟ್ಟಿಕೊಂಡ ಹೋತ ಗಂಭೀರವಾಗಿ ಒಳಗೆ ಬಂದು, ಪ್ರೊಫೆಸರರ ನಮಸ್ಕಾರವನ್ನು ಗಡ್ಡ ಅಲ್ಲಾಡಿಸಿ ಸ್ವೀಕರಿಸಿ, ನೆಲದ ಮೇಲಿನ ಬಟ್ಟೆ ಚೂರುಗಳನ್ನು ತಿನ್ನತೊಡಗಿತು. ಅದರ ಹಿಂದೆ ನಲವತ್ತು ಕುರಿ ಬಾಗಿಲಿಗೆ ಬಂದು ನಿಂತವು.

ಪ್ರೊಫೆಸರರ ಕೈ ಬಹಳ ಹೊತ್ತು ಜೋಡಿಸಿಕೊಂಡೇ ಇತ್ತು.

ಆಗ ಎಲ್ಲಾ ಹೇಳಿದೆ. ಡಬ್ಬಿ, ಸುಳ್ಳು, ಎಂಟು ತಿಂಗಳು. ಹೇಳುವಾಗ ಯಾರ ಮುಖವನ್ನೂ ನೋಡಲಾಗದೆ ಹೋತದ ಮುಖ ನೋಡಿಕೊಂಡು ಹೇಳಿದೆ. ಅದು ನಿಂಗಮ್ಮನ ಚೀಲದ ದಾರ ಅಗಿಯುತ್ತಿತ್ತು. ಪ್ರೊಫೆಸರ್ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ತಪ್ಪು ಮಾಹಿತಿ ಇರುವ ಊರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದಷ್ಟೇ ಹೇಳಿದರು. ಇನ್ನೆಷ್ಟೋ ವರ್ಷ ಬಾಗಿಲಲ್ಲಿದ್ದ ಹೆಂಗಸರೆಲ್ಲ ಆ ಮೈಲಿಗಲ್ಲಿನ ಪಕ್ಕ ಸೆರಗು ಹೊದ್ದು ನಿಲ್ಲಬೇಕಿತ್ತು, ನನ್ನ ದೆಸೆಯಿಂದ.

ಸಹನಾ ಮಾತ್ರ ಲ್ಯಾಪ್‌ಟಾಪ್ ತೆರೆದು ಏನೋ ನೋಡುತ್ತಿದ್ದಳು.

"ಅಂಕಲ್, ಇದು ನಿಮ್ಮ ಡಬ್ಬಿ. ನೀವು ದಿನಾ ನಾಕೂವರೆಗೆ ಸ್ಟಾಪಿಗೆ ಹೋಗಿದೀರ. ಇಪ್ಪತ್ತು ನಿಮಿಷ ನಿಂತು ವಾಪಸ್ ಬಂದಿದೀರ. ಬಸ್ ಹತ್ತಿಲ್ಲ. ಇದಕ್ಕೆ ಉದ್ದೇಶ ಏನಂತ ಬರ್ಕೊಳ್ಳಲಿ?"

ಕಾಲಾಡಿಸಲು ಹೋಗುತ್ತೇನೆ ಎಂದುಕೊಂಡಿದ್ದೆ. ಉತ್ತರ ಹಾಲಮ್ಮನಿಂದ ಬಂತು.

"ನಾಕೂವರೆಗೆ ಹೊಳಲ್ಕೆರೆ ಬಸ್ ಬರೋದು ಕಣವ್ವ. ನಿಂಗಿ ದಾರ ತಗಂಡು ಅದ್ರಾಗೇ ಇಳೀತಿದ್ಲು. ಅವಳು ಇದ್ದಾಗ ಒಂದಿನ ಎದುರಿಗೆ ಬಂದು ಚೀಲ ಇಸ್ಕಂಡೋನಲ್ಲ ಈ ಮಾರಾಯ. ಈಗ ದಿನಾ ಹೋಗಿ ನಿಂತ್ಕಂತಾನೆ."

ಹೋತ ಬಟ್ಟೆ ಅಗಿಯುತ್ತಲೇ ಇತ್ತು.

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. ಆ ಸ್ಟಾಪ್ ಬಳಕೆಯಲ್ಲಿಲ್ಲ ಎಂದು ತಾವು ಬರೆದದ್ದು ತಪ್ಪು ಎಂದರು. ಹಾಲಮ್ಮ ಮುಂದೆ ಬಂದು ಹೋತದ ಕೊರಳಿನಿಂದ ಚೀಲ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಳು. "ವಾರಕ್ಕೆರಡು ಸಲ ಅವಳ ಜೊತೆ ಹೋಗ್ತಿದ್ದೋಳು ನಾನು. ನನ್ನ ಲೆಕ್ಕ ಬರ್ಕಳ್ರಿ ಸಾರ್. ಇವ್ರಿಗೂ ಒಂದೊಂದು ಡಬ್ಬಿ ಕೊಡ್ರಿ" ಎಂದಳು. ಮುಂದಿನ ವಾರವಿಡೀ ನಮ್ಮ ಬೀದಿಯ ಹೆಂಗಸರು ಡಬ್ಬಿ ಕಟ್ಟಿಕೊಂಡು ಓಡಾಡಿದರು. ನಿಜವಾದ ಲೆಕ್ಕ ಸಿಕ್ಕಿತು. ನಮ್ಮೂರು ಪಟ್ಟಿಯಲ್ಲಿ ಉಳಿಯಿತು.

ವರದಿಯ ಪ್ರತಿ ಪಂಚಾಯಿತಿಗೆ ಬಂದಿದೆ. ಮೈಲಿಗಲ್ಲಿನ ಬಳಿ ತಂಗುದಾಣ ಬೇಕು ಎಂದು ಅದರಲ್ಲಿದೆ. ಯಾವಾಗ ಕಟ್ಟುತ್ತಾರೋ ಗೊತ್ತಿಲ್ಲ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಒಂದು ಟಿಪ್ಪಣಿಯೂ ಇದೆ. ಒಂದು ಡಬ್ಬಿಯನ್ನು ಮೇಕೆ ಧರಿಸಿದ್ದರಿಂದ ಅದರ ಮಾಹಿತಿ ಕೈಬಿಡಲಾಗಿದೆ. ಮನೆಯವರ ಹೆಸರು ಹಾಕಿಲ್ಲ. ಊರಿಗೆ ಹೆಸರು ಬೇಕಿಲ್ಲ.

ನಾನು ಈಗಲೂ ನಾಲ್ಕೂವರೆಗೆ ಸ್ಟಾಪಿಗೆ ಹೋಗುತ್ತೇನೆ. ಹಾಲಮ್ಮ ಇಳಿದರೆ ಅವಳ ಚೀಲ ಇಸಿದುಕೊಳ್ಳುತ್ತೇನೆ. ದಾರ ಅವಳೇ ತರುತ್ತಾಳೆ, ಬಣ್ಣ ಒಂದೂ ಹೊಂದುವುದಿಲ್ಲ. ಅಷ್ಟು ಹೊತ್ತಿಗೆ ಕರಿಯಪ್ಪನ ಮಂದೆಯೂ ವಾಪಸಾಗುತ್ತದೆ. ಬೀದಿಯ ಅಗಲ ಎಲ್ಲರಿಗೂ ಸಾಲದು. ಹಾಗಾಗಿ ಮೂವತ್ತು ವರ್ಷ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ ಈ ಗಂಡಸು, ಈಗ ದಿನಾ ಸಂಜೆ ಕೈಯಲ್ಲೊಂದು ಚೀಲ ಹಿಡಿದು, ಹೋತದಿಂದ ಹತ್ತು ಹೆಜ್ಜೆ ಹಿಂದೆ, ಕುರಿಗಳ ಮಧ್ಯೆ ಮನೆ ಸೇರುತ್ತಾನೆ.