ಒಂದು ಅಂಕ ಹೆಚ್ಚು

ಶಾಲೆಯಿಂದ ಬಂದ ಚೀಟಿಯನ್ನು ಹೊಲಿಗೆ ಯಂತ್ರದ ಮೇಲೆ ಬಿಟ್ಟು ದರ್ಜಿ ಮುಖ ತೊಳೆಯಲು ಹೋದದ್ದೇ ತಪ್ಪಾಯಿತು. ಬರುವಷ್ಟರಲ್ಲಿ ಮೇಲ್ಮಹಡಿಯ ನಿವೃತ್ತ ಟೀಚರಮ್ಮ ಅದನ್ನು ಎರಡು ಸಲ ಓದಿದ್ದರು.

"ಹನ್ನೊಂದು ಗಂಟೆಗೆ ಪರೀಕ್ಷೆ, ಮಗೂನ ಹೀಗೇ ಕರ್ಕೊಂಡು ಹೋಗ್ತೀಯಾ? ಕೊಡಿಲ್ಲಿ, ತಯಾರು ಮಾಡ್ತೀನಿ."

"ಬೇಡಮ್ಮಾ! ಇದು ಫೇಲಾಗಬೇಕಾದ ಪರೀಕ್ಷೆ. ಮೂವತ್ತಕ್ಕಿಂತ ಕಮ್ಮಿ ಬಂದ್ರೆ ಮಾತ್ರ ಇವಳಿಗೆ ಓದು ಕಲಿಸೋಕೆ ಅಂತಲೇ ಬೇರೆ ಟೀಚರ್ ಕೊಡ್ತಾರಂತೆ."

"ನನ್ನ ಸರ್ವೀಸಲ್ಲೇ ಇಂಥ ಮಾತು ಕೇಳಿಲ್ಲ!"

ಮಗಳಿಗೆ ಒಂಬತ್ತು ವರ್ಷ. ಮಾತು ಅರಳು ಹುರಿದಂತೆ. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳೆಲ್ಲ ತುಳಿದ ಇರುವೆಸಾಲಿನಂತೆ ಚದುರಿಹೋಗುತ್ತಿದ್ದವು. ತರಗತಿಯಲ್ಲಿ ಅವಳನ್ನು 'ಮೊದ್ದು' ಅನ್ನುತ್ತಿದ್ದರು. ಈ ಪರೀಕ್ಷೆಗಾಗಿ ದರ್ಜಿ ಎರಡು ವರ್ಷ ಶಾಲೆಯ ಮೆಟ್ಟಿಲು ಸವೆಸಿದ್ದ.

ಅಪ್ಪ ಮಗಳು ಬಸ್ಸಿನ ಮುಂಬಾಗಿಲಿಂದ ಹತ್ತಿದರೆ ಟೀಚರಮ್ಮ ಹಿಂಬಾಗಿಲಿಂದ ಹತ್ತಿದರು. ದಾರಿಯುದ್ದಕ್ಕೂ ಅಂಗಡಿಗಳ ಫಲಕ ತೋರಿಸಿ, "ಅದೇನು ಹೇಳು ಪುಟ್ಟಾ" ಎಂದರು. ದರ್ಜಿ ಮಗಳ ಕಿವಿ ಮುಚ್ಚಿದ. ಪಕ್ಕದ ಸೀಟಿನವನು, "ಓದೋ ಮಗೂನ ತಡೀತಾನಲ್ಲ, ಎಂಥಾ ಅಪ್ಪ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಶಾಲೆಯ ಗೇಟಿನಲ್ಲಿ ಕಾವಲುಗಾರ ಟೀಚರಮ್ಮನನ್ನು ತಡೆದಾಗ ದರ್ಜಿಗೆ ಹೋದ ಜೀವ ಬಂದಂತಾಯಿತು.

ಪರೀಕ್ಷಕರು ಅವನನ್ನು ಮಗಳ ಎದುರಿಗೆ, ತಮ್ಮ ಬೆನ್ನ ಹಿಂದೆ ಕೂರಿಸಿದರು. "ನೀವು ಬಾಯಿ ಬಿಡಬಾರದು."

"ಇಲ್ಲ ಸಾರ್, ಹೊಲಿದುಕೊಂಡು ಬಿಟ್ಟಿದೀನಿ."

ಬಾಯಿಮಾತಿನ ಪ್ರಶ್ನೆಗಳಿಗೆ ಹುಡುಗಿ ಪಟಪಟನೆ ಉತ್ತರಿಸಿದಳು. ಆಮೇಲೆ ಓದುವ ಕಾರ್ಡುಗಳು ಬಂದವು. ಒಂದು, ಎರಡು, ಹತ್ತು. ಅವಳು ಬಾಯಿ ತೆರೆದಳು, ಮುಚ್ಚಿದಳು. ಕಿವಿ ಕೆಂಪಾಯಿತು. ಎಲ್ಲವೂ ತಾನು ಬಯಸಿದಂತೆಯೇ ನಡೆಯುತ್ತಿದ್ದರೂ ದರ್ಜಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಕೊನೆಯ ಕಾರ್ಡು ಮೇಜಿನ ಮೇಲೆ ಬಂತು; ಅದರ ದಪ್ಪ ಅಕ್ಷರ ದರ್ಜಿಗೂ ಕಾಣುತ್ತಿತ್ತು. "ಇದೊಂದು ಓದಮ್ಮಾ."

ಅವಳ ಕಣ್ಣು ತುಂಬಿತು. ಆ ಕಣ್ಣುಗಳು ಪರೀಕ್ಷಕರ ಭುಜದ ಮೇಲಿಂದ ಅಪ್ಪನನ್ನು ಹುಡುಕಿದವು. ದರ್ಜಿಯ ಎರಡು ಬೆರಳು ತಾವಾಗಿಯೇ ಎದ್ದು ಗಾಳಿಯಲ್ಲಿ ಕಚಕ್ ಕಚಕ್ ಎಂದು ಆಡಿದವು.

"ಕತ್ತರಿ!"

"ಶಭಾಷ್!" ಪರೀಕ್ಷಕರು ಕೂಡಿಸಿದರು. "ಸರಿಯಾಗಿ ಮೂವತ್ತು. ಇವಳಿಗೆ ಬೇರೆ ಟೀಚರ್ ಬೇಕಿಲ್ಲ ಬಿಡಿ. ಮತ್ತೆ ಪರೀಕ್ಷೆ ಬೇಕಾದ್ರೆ ಎರಡು ವರ್ಷ ಕಾಯಬೇಕು."

"ಸಾರ್, ಅದು... ಅದು ನಾನೇ..." ದರ್ಜಿ ಎದ್ದು ನಿಂತ.

"ಅಪ್ಪಾ, ನಾನು ಪಾಸ್!" ಮಗಳು ಅವನ ಕೈಗೆ ಜೋತುಬಿದ್ದು ಕುಣಿದಳು. ಹುಟ್ಟಿದಂದಿನಿಂದ ಅವಳು ಯಾವುದರಲ್ಲೂ ಪಾಸಾಗಿರಲಿಲ್ಲ. ದರ್ಜಿ ಆ ಮುಖ ನೋಡಿದ.

"ಏನಿಲ್ಲ ಸಾರ್."

ಗೇಟಿನಾಚೆ ಟೀಚರಮ್ಮ ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಮಗಳು ಪರೀಕ್ಷಕರು ಕೊಟ್ಟ ಕಾಗದವನ್ನು ಬಿಡಿಸಿದಳು, ಆ ಕಡೆ ಈ ಕಡೆ ತಿರುಗಿಸಿದಳು, ಕೊನೆಗೆ ಅಪ್ಪನ ಮಡಿಲಿಗಿಟ್ಟಳು.

"ನನ್ನ ಬಗ್ಗೆ ಏನು ಬರ್ದಿದಾರೆ? ಓದಿ ಹೇಳಪ್ಪಾ."

ದರ್ಜಿ ಕಣ್ಣೊರೆಸಿಕೊಂಡು ಓದಿದ:

"ಯಾರ ನೆರವೂ ಇಲ್ಲದೆ ಸ್ವತಃ ಓದಬಲ್ಲಳು."